ಹದಿನಾಲ್ಕು ಮತ ಕಮ್ಮಿ: ಗಂಡಸರ ಕ್ಲಬ್ಬುಗಳ ಬಾಗಿಲು ತೆರೆಯುವ ಲೆಕ್ಕ

ಸ್ಕಾಟ್ಲೆಂಡಿನ ಮ್ಯೂರ್‌ಫೀಲ್ಡ್ ಗಾಲ್ಫ್ ಮೈದಾನ ‘ಆನರಬಲ್ ಕಂಪನಿ ಆಫ್ ಎಡಿನ್‌ಬರೋ ಗಾಲ್ಫರ್ಸ್’ ಎಂಬ ಕ್ಲಬ್ಬಿನದು. 1744ರಲ್ಲಿ ಗಾಲ್ಫಿಗೆ ಮೊದಲ 13 ನಿಯಮ ಬರೆದುಕೊಟ್ಟವರು ಇವರೇ. ಮಹಿಳೆಯರನ್ನು ಸದಸ್ಯರಾಗಿ ಸೇರಿಸಿಕೊಳ್ಳಬೇಕೇ, ಬೇಡವೇ ಎಂದು 2016ರ ಮೇ ತಿಂಗಳಲ್ಲಿ ಇಲ್ಲಿ ಮತದಾನ ನಡೆಯಿತು. 616 ಮಂದಿ ಮತ ಹಾಕಿದರು. ಬೇಕು ಎಂದವರು 397, ಬೇಡ ಎಂದವರು 219. ನಮ್ಮ ಪಂಚಾಯಿತಿ ಚುನಾವಣೆಯಾಗಿದ್ದರೆ ಸಂಜೆಗೇ ಪಟಾಕಿ ಹೊಡೆಯುವಂಥ ಗೆಲುವು. ಆದರೆ ಪ್ರಸ್ತಾಪ ಬಿದ್ದುಹೋಯಿತು. ನಿಯಮ ತಿದ್ದಲು ಮತ ಹಾಕಿದವರಲ್ಲಿ ಮೂರನೇ ಎರಡರಷ್ಟು ಜನ ಒಪ್ಪಬೇಕಿತ್ತು, ಅಂದರೆ 411 ಮತ. ಹದಿನಾಲ್ಕು ಕಮ್ಮಿ ಬಿತ್ತು.

ಫಲಿತಾಂಶ ಹೊರಬಿದ್ದ ದಿನವೇ, ಬ್ರಿಟಿಷ್ ಓಪನ್ ಟೂರ್ನಿ ನಡೆಸುವ ಆರ್ ಅಂಡ್ ಎ ಸಂಸ್ಥೆ ಇನ್ನು ಮುಂದೆ ಮ್ಯೂರ್‌ಫೀಲ್ಡಿನಲ್ಲಿ ಓಪನ್ ನಡೆಸುವುದಿಲ್ಲ ಎಂದಿತು. ಅಲ್ಲಿಯವರೆಗೆ 16 ಸಲ ಓಪನ್ ನಡೆದಿದ್ದ ಜಾಗ ಅದು. ಹತ್ತು ತಿಂಗಳಾದ ಮೇಲೆ, 2017ರ ಮಾರ್ಚ್‌ನಲ್ಲಿ ಅದೇ ಸದಸ್ಯರು ಮತ್ತೆ ಮತ ಹಾಕಿದರು. ಈ ಸಲ 498 ಪರ, 123 ವಿರೋಧ. ಶೇ 80 ದಾಟಿತು. ಮೈದಾನ ಓಪನ್ ಪಟ್ಟಿಗೆ ಮರಳಿತು.

ಈ ಹತ್ತು ತಿಂಗಳಲ್ಲಿ ಕಾನೂನು ಒಂದಕ್ಷರವೂ ಬದಲಾಗಿರಲಿಲ್ಲ. ಮೊದಲ ಮತದಾನದ ನಂತರ ಕ್ಲಬ್ಬು ಮಾಡಿದ್ದರಲ್ಲಿ ಕಾನೂನುಬಾಹಿರವಾದದ್ದೂ ಏನಿರಲಿಲ್ಲ. ಈ ಚರ್ಚೆಯಲ್ಲಿ ಎಲ್ಲರೂ ಮೊದಲು ಎಡವುವುದು ಇಲ್ಲೇ. ‘ಇಷ್ಟು ರಾಜಾರೋಷವಾಗಿ ತಾರತಮ್ಯ ಮಾಡಿದರೆ ಕೋರ್ಟು ಸುಮ್ಮನಿರುತ್ತದಾ?’ ಎಂಬ ಪ್ರಶ್ನೆ ಸಹಜ. ಉತ್ತರ: ಬಹಳಷ್ಟು ಕಡೆ ಸುಮ್ಮನಿರುತ್ತದೆ. ಬಾಗಿಲು ತೆರೆಸಿದ್ದು ಹೆಚ್ಚಾಗಿ ಎರಡು ಸಂಗತಿಗಳು. ಒಂದು ಬೈಲಾದಲ್ಲಿ ಬರೆದಿಟ್ಟ ಮತಗಳ ಲೆಕ್ಕ, ಇನ್ನೊಂದು ದೊಡ್ಡ ಟೂರ್ನಿ ಕೈತಪ್ಪುವ ಭಯ.

ಪೂರ್ತಿ ಮುಚ್ಚಿದರೆ ಸರಿ, ಅರ್ಧ ತೆರೆದರೆ ತಪ್ಪು

ಬ್ರಿಟನ್ನಿನ 2010ರ ಸಮಾನತಾ ಕಾಯ್ದೆಯ ಪ್ರಕಾರ 25 ಅಥವಾ ಹೆಚ್ಚು ಸದಸ್ಯರಿದ್ದು, ಸದಸ್ಯರನ್ನು ನಿಯಮದ ಪ್ರಕಾರ ಆಯ್ದು ಸೇರಿಸಿಕೊಳ್ಳುವ ಕೂಟ ‘ಸಂಘ’ ಎನಿಸಿಕೊಳ್ಳುತ್ತದೆ. ಇಂಥ ಸಂಘ ತಾರತಮ್ಯ ಮಾಡುವಂತಿಲ್ಲ. ಆದರೆ ಅದೇ ಕಾಯ್ದೆಯ 16ನೇ ಪರಿಚ್ಛೇದದಲ್ಲಿ ಒಂದು ವಿನಾಯಿತಿಯಿದೆ. ಒಂದೇ ಲಿಂಗ, ಒಂದೇ ಧರ್ಮ, ಹೀಗೆ ಯಾವುದೋ ಒಂದು ಗುಣ ಹಂಚಿಕೊಂಡವರಿಗಾಗಿಯೇ ಇರುವ ಸಂಘ ಹೊರಗಿನವರನ್ನು ಸೇರಿಸದೆ ಇರಬಹುದು. ಮೈಬಣ್ಣದ ಮೇಲೆ ಮಾತ್ರ ಹಾಗೆ ಮಾಡುವಂತಿಲ್ಲ.

ಇದರಿಂದ ಹುಟ್ಟಿದ ಪರಿಣಾಮ ವಿಚಿತ್ರವಾಗಿದೆ. ಗಂಡಸರು ಮಾತ್ರ ಇರುವ ಕ್ಲಬ್ಬು ಕಾನೂನುಬದ್ಧ. ಹೆಂಗಸರನ್ನೂ ಸೇರಿಸಿಕೊಂಡು, ಅವರಿಗೆ ಮತ ಕೊಡದೆ, ಶನಿವಾರ ಬೆಳಗಿನ ಹೊತ್ತು ಆಡಲು ಬಿಡದೆ, ಬಾರ್‌ನ ಒಂದು ಕೋಣೆಗೆ ಹೋಗಲು ಬಿಡದೆ ಇರುವ ಕ್ಲಬ್ಬು ಕಾನೂನು ಮುರಿದಂತೆ. ಅಲ್ಲಿ ದಶಕಗಟ್ಟಲೆ ‘ಲೇಡಿ ಅಸೋಸಿಯೇಟ್’ ಎಂಬ ಅರೆ ಸದಸ್ಯತ್ವ ಚಾಲ್ತಿಯಲ್ಲಿತ್ತು. ಶುಲ್ಕ ಕಡಿಮೆ, ಹಕ್ಕೂ ಕಡಿಮೆ. ಈ ಕಾಯ್ದೆ ಬಂದ ಮೇಲೆ ಪೆಟ್ಟು ಬಿದ್ದದ್ದು ಇಂಥ ಸಾವಿರಾರು ಸಾಧಾರಣ ಕ್ಲಬ್ಬುಗಳ ಮೇಲೆ. ಸುದ್ದಿಯಲ್ಲಿದ್ದ ದೊಡ್ಡ ಹೆಸರಿನ ಕ್ಲಬ್ಬುಗಳಿಗೆ ಕಾಯ್ದೆ ತಾಕಲೇ ಇಲ್ಲ.

ವಿನಾಯಿತಿ ಇಟ್ಟದ್ದು ಬರೀ ಗಂಡಸರ ಮೇಲಿನ ಮಮಕಾರದಿಂದಲ್ಲ ಎಂಬುದನ್ನೂ ಹೇಳಬೇಕು. ಇಂಗ್ಲೆಂಡಿನ ವಾಯುವ್ಯ ಕಡಲ ಕರೆಯ ಫಾರ್ಮ್‌ಬಿ ಲೇಡೀಸ್ ಗಾಲ್ಫ್ ಕ್ಲಬ್ 1896ರಿಂದ ಮಹಿಳೆಯರದ್ದೇ. ವಿನಾಯಿತಿ ತೆಗೆದರೆ ಅದಕ್ಕೂ ಕುತ್ತು. ಗಂಡಸರ ಕ್ಲಬ್ಬುಗಳ ವಕೀಲರು ಮೊದಲು ಎತ್ತುವ ಮಾತೂ ಇದೇ, ಮತ್ತು ಅವರ ವಾದಗಳಲ್ಲಿ ಗಟ್ಟಿಯಾದದ್ದೂ ಇದೇ.

ಐರ್ಲೆಂಡಿನ ಕಥೆ ಇನ್ನೂ ಸ್ವಾರಸ್ಯದ್ದು. ಅಲ್ಲಿನ 2000ದ ಸಮಾನ ಸ್ಥಾನಮಾನ ಕಾಯ್ದೆ ಕ್ಲಬ್ಬಿಗೆ ನೇರವಾಗಿ ‘ಸೇರಿಸಿಕೊ’ ಎನ್ನುವುದಿಲ್ಲ. ತಾರತಮ್ಯದ ಕ್ಲಬ್ಬಿಗೆ ಮದ್ಯ ಮಾರುವ ನೋಂದಣಿ ತಡೆಹಿಡಿಯಬಹುದು ಎನ್ನುತ್ತದೆ, ಅಂದರೆ ಕೈ ಹಾಕುವುದು ಬಾರ್‌ಗೆ. ಡಬ್ಲಿನ್ ಸಮೀಪದ ಪೋರ್ಟ್‌ಮಾರ್ನಾಕ್ ಕ್ಲಬ್ಬಿನ ಮೇಲೆ ಸಮಾನತಾ ಪ್ರಾಧಿಕಾರ ದಾವೆ ಹೂಡಿತು. ಕೆಳಗಿನ ನ್ಯಾಯಾಲಯ 2004ರಲ್ಲಿ ಪ್ರಾಧಿಕಾರದ ಪರ ತೀರ್ಪಿತ್ತು ಏಳು ದಿನದ ಅಮಾನತು ವಿಧಿಸಿತು. ಕ್ಲಬ್ಬು ಮೇಲ್ಮನವಿ ಹೋಯಿತು. ಅದೇ ಕಾಯ್ದೆಯ 9ನೇ ಸೆಕ್ಷನ್ ಒಂದು ಲಿಂಗದವರ ‘ಅಗತ್ಯ’ ಪೂರೈಸುವುದೇ ಮುಖ್ಯ ಉದ್ದೇಶವಾಗಿರುವ ಕ್ಲಬ್ಬಿಗೆ ರಿಯಾಯಿತಿ ಕೊಡುತ್ತದೆ. ಹಾಗಾಗಿ ಮಹಾ ವಿದ್ವಾಂಸರೆಲ್ಲ ಕೂತು ವಾದಿಸಿದ ಪ್ರಶ್ನೆ ಇದು: ಗಾಲ್ಫ್ ಎಂಬುದು ಗಂಡಸರಿಗೇ ಮೀಸಲಾದ ಒಂದು ಅಗತ್ಯವೇ? ಈ ಕ್ಲಬ್ಬಿನ ಮುಖ್ಯ ಉದ್ದೇಶ ಗಾಲ್ಫೋ, ‘ಗಂಡಸರ ಗಾಲ್ಫೋ’? 2009ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಐವರಲ್ಲಿ ಮೂವರು ಕ್ಲಬ್ಬಿನ ಪರ ನಿಂತರು. ಕೋರ್ಟಿನಲ್ಲಿ ಗೆದ್ದ ಅದೇ ಕ್ಲಬ್ಬು 2021ರ ಮೇ ತಿಂಗಳಲ್ಲಿ ತಾನಾಗಿಯೇ ಮತ ಹಾಕಿ ಮಹಿಳೆಯರಿಗೆ ಬಾಗಿಲು ತೆರೆಯಿತು.

ಅಮೆರಿಕದ ದಾರಿ ಬೇರೆ. 1964ರ ನಾಗರಿಕ ಹಕ್ಕು ಕಾಯ್ದೆಯ ಸಾರ್ವಜನಿಕ ಸ್ಥಳಗಳ ಅಧ್ಯಾಯದಲ್ಲಿ ಜನಾಂಗ, ಬಣ್ಣ, ಧರ್ಮ, ಮೂಲದೇಶ ಇವೆ, ಲಿಂಗ ಇಲ್ಲ. ಖಾಸಗಿ ಕ್ಲಬ್ಬಿಗೆ ವಿನಾಯಿತಿಯೂ ಇದೆ. ಹಾಗಾಗಿ ಜಗಳ ನಡೆದದ್ದು ‘ಯಾವ ಕ್ಲಬ್ಬು ನಿಜಕ್ಕೂ ಖಾಸಗಿ?’ ಎಂಬುದರ ಮೇಲೆ. ನ್ಯೂಯಾರ್ಕ್ ನಗರ 1984ರಲ್ಲಿ ಅಳತೆಗೋಲನ್ನೇ ಕಾನೂನಾಗಿ ಬರೆಯಿತು: 400ಕ್ಕಿಂತ ಹೆಚ್ಚು ಸದಸ್ಯರು, ನಿಯಮಿತ ಊಟದ ವ್ಯವಸ್ಥೆ, ವ್ಯಾಪಾರ ವ್ಯವಹಾರದ ಸಲುವಾಗಿ ಸದಸ್ಯರಲ್ಲದವರಿಂದ ಆಗಾಗ ಹಣ. ಈ ಮೂರೂ ಇದ್ದರೆ ಅದು ಖಾಸಗಿಯಲ್ಲ, ತಾರತಮ್ಯ ಮಾಡುವಂತಿಲ್ಲ. ಕ್ಲಬ್ಬುಗಳ ಒಕ್ಕೂಟ ಇದನ್ನು ಪ್ರಶ್ನಿಸಿತು. 1988ರಲ್ಲಿ ಸುಪ್ರೀಂ ಕೋರ್ಟು ಒಮ್ಮತದಿಂದ ನಗರದ ಪರ ನಿಂತಿತು. ಊಟದ ಬಿಲ್ಲನ್ನು ಕಂಪನಿ ಕಟ್ಟುವ ಜಾಗದಲ್ಲಿ ನಡೆಯುವುದು ಬರೀ ಸ್ನೇಹಕೂಟವಲ್ಲ, ಅಲ್ಲಿ ವ್ಯವಹಾರ ಕುದುರುತ್ತದೆ ಎಂಬುದು ಈ ಅಳತೆಯ ತಿರುಳು. ಆದರೆ ಅದು ನ್ಯೂಯಾರ್ಕ್ ನಗರದ ಗಡಿಯೊಳಗಿನ ಕಾನೂನು. ಜಾರ್ಜಿಯಾ ರಾಜ್ಯದ ಆಗಸ್ಟಾ ನ್ಯಾಷನಲ್ ಗಾಲ್ಫ್ ಕ್ಲಬ್ಬಿಗೆ ಅದರ ಬಿಸಿ ತಟ್ಟಲಿಲ್ಲ.

ಮೂರನೇ ಎರಡರಷ್ಟು ಎಂಬ ಗೋಡೆ

ಕ್ಲಬ್ಬಿನ ಒಳಗೆ ನಡೆಯುವುದು ಹೀಗೆ. ಸಮಿತಿ ತಿದ್ದುಪಡಿಯ ಕರಡು ಬರೆಯುತ್ತದೆ. ನೋಟಿಸ್ ಹೋಗುತ್ತದೆ. ವಿಶೇಷ ಸಾಮಾನ್ಯ ಸಭೆ, ಅಂಚೆ ಮತ, ಎಣಿಕೆ. ಸಾಮಾನ್ಯ ನಿರ್ಣಯಕ್ಕೆ ಸರಳ ಬಹುಮತ ಸಾಕು, ನಿಯಮಾವಳಿ ತಿದ್ದಲು ಮೂರನೇ ಎರಡು ಬೇಕು. ಇದರರ್ಥ ಒಬ್ಬ ವಿರೋಧಿಯ ಮತ ಇಬ್ಬರು ಬೆಂಬಲಿಗರ ಮತಕ್ಕೆ ಸಮ. ನೂರರಲ್ಲಿ 34 ಮಂದಿ ಗಟ್ಟಿಯಾಗಿ ಕೂತರೆ 66 ಮಂದಿ ಏನೂ ಮಾಡಲಾಗದು.

ಲಂಡನ್ನಿನ ಲಾರ್ಡ್ಸ್ ಮೈದಾನದ ಒಡೆಯ ಮ್ಯಾರಿಲ್‌ಬೋನ್ ಕ್ರಿಕೆಟ್ ಕ್ಲಬ್ಬಿನಲ್ಲಿ, ಅಂದರೆ ಎಂಸಿಸಿಯಲ್ಲಿ, ಇದು ಕಣ್ಣಿಗೆ ಕಟ್ಟುವಂತೆ ನಡೆಯಿತು. 1787ರಲ್ಲಿ ಶುರುವಾದ ಕ್ಲಬ್ಬು. ಪೆವಿಲಿಯನ್‌ಗೆ ರಾಣಿಯನ್ನು ಬಿಟ್ಟರೆ ಪಂದ್ಯದ ಹೊತ್ತಿನಲ್ಲಿ ಹೆಂಗಸರಿಗೆ ಪ್ರವೇಶವಿರಲಿಲ್ಲ. 1986ರ ಪ್ರವಾಸದಲ್ಲಿ ಭಾರತದ ಕ್ರಿಕೆಟ್ ಆಟಗಾರ್ತಿ ಡಯಾನಾ ಎಡುಲ್ಜಿ ಅವರನ್ನು ಬಾಗಿಲಲ್ಲೇ ತಡೆದರು. ಎಂಸಿಸಿ ತನ್ನ ಹೆಸರನ್ನು ಎಂಸಿಪಿ ಎಂದು ಬದಲಿಸಿಕೊಳ್ಳಲಿ ಎಂದು ಅವರು ಕುಟುಕಿದ್ದು ಆಗಲೇ. ‘ಮೇಲ್ ಶೋವಿನಿಸ್ಟ್ ಪಿಗ್’ ಎಂಬ ಆ ಕಾಲದ ಬೈಗುಳದ ಮೊದಲಕ್ಷರಗಳವು. ಇಂಗ್ಲೆಂಡಿನ ಮಾಜಿ ನಾಯಕಿ ರೇಚಲ್ ಹೇಹೋ ಫ್ಲಿಂಟ್ 1991ರಲ್ಲಿ ಸದಸ್ಯತ್ವಕ್ಕೆ ಅರ್ಜಿ ಹಾಕಿದರು. ಫಲ ಸಿಗಲು ಏಳೆಂಟು ವರ್ಷ ಹಿಡಿಯಿತು.

1998ರ ಫೆಬ್ರುವರಿಯಲ್ಲಿ ಮತ: 6,969 ಪರ, 5,538 ವಿರೋಧ. ಶೇ 56 ಬಂದರೂ ಮೂರನೇ ಎರಡಕ್ಕೆ 1,369 ಮತ ಕಮ್ಮಿ. ಸೆಪ್ಟೆಂಬರ್ 28ಕ್ಕೆ ಮತ್ತೆ ಮತ: 9,394 ಪರ, 4,072 ವಿರೋಧ. ಈ ಎರಡು ಸಾಲನ್ನು ಪಕ್ಕದಲ್ಲಿಟ್ಟು ನೋಡಿ. ಒಟ್ಟು ಮತ ಏರಿದ್ದು ಬರೀ 959. ಪರ ಮತ ಏರಿದ್ದು 2,425. ಮಿಕ್ಕಿದ್ದೆಲ್ಲ ವಿರೋಧದ ಕಡೆಯ ಇಳಿಕೆಯಿಂದ ಬಂದದ್ದು. ಏಳು ತಿಂಗಳಲ್ಲಿ 1,466 ‘ಬೇಡ’ ಕರಗಿತ್ತು. ಅಷ್ಟರಲ್ಲಿ ಸರ್ಕಾರದ ಕಡೆಯಿಂದ ಒತ್ತಡವಿತ್ತು, ಲಾಟರಿ ನಿಧಿಯಿಂದ ಬರುವ ಕ್ರೀಡಾ ಅನುದಾನ ಗಂಡಸರ ಕ್ಲಬ್ಬಿಗೆ ಸಿಗುವುದಿಲ್ಲ ಎಂಬುದೂ ಸ್ಪಷ್ಟವಾಗಿತ್ತು, ಪತ್ರಿಕೆಗಳ ಲೇವಡಿ ಬೇರೆ. ಮನಸ್ಸು ಬದಲಾಯಿತೋ ಮುಜುಗರ ಹೆಚ್ಚಾಯಿತೋ, ಎಣಿಕೆಯ ಕಾಗದ ಅದನ್ನು ಹೇಳುವುದಿಲ್ಲ.

ಮೊದಲ ಸಲದ ಮತ ಯಾಕೆ ಸೋಲುತ್ತದೆ? ಸಾಮಾನ್ಯವಾಗಿ ಸಮಿತಿ ‘ಇದು ಆಗಿಯೇ ಆಗುತ್ತದೆ’ ಎಂದು ನಂಬಿ ಪ್ರಚಾರ ಮಾಡುವುದಿಲ್ಲ. ವಿರೋಧಿಗಳು ಮಾತ್ರ ಕಾಗದ ಬರೆಯುತ್ತಾರೆ. ಮ್ಯೂರ್‌ಫೀಲ್ಡಿನಲ್ಲಿ 33 ಸದಸ್ಯರ ಹೆಸರಿನಲ್ಲಿ ಒಂದು ಪತ್ರ ಓಡಾಡಿತು. ಆಟದ ವೇಗ, ಮಧ್ಯಾಹ್ನದ ಊಟದ ಪದ್ಧತಿ, ಹೆಂಗಸರಿಗೆ ಇರಿಸುಮುರಿಸಾದೀತು ಎಂಬ ಕಾಳಜಿ ಅದರಲ್ಲಿತ್ತು. ಅಂಚೆ ಮತದಲ್ಲಿ ಊರು ಬಿಟ್ಟು ಎಲ್ಲೋ ಇರುವ, ಮೈದಾನಕ್ಕೆ ಬರುವುದೇ ಅಪರೂಪವಾದ ಹಳೆಯ ಸದಸ್ಯರ ಕೈಗೂ ಆ ಪತ್ರ ಸೇರುತ್ತದೆ. ಎರಡನೇ ಮತದ ಹೊತ್ತಿಗೆ ಸೋಲಿನ ಬೆಲೆ ಏನೆಂದು ಎಲ್ಲರಿಗೂ ಗೊತ್ತಾಗಿರುತ್ತದೆ.

ಗೋಡೆ ಹತ್ತದೆ ಸುತ್ತಿ ಬರುವ ದಾರಿಯೂ ಇದೆ. ಲಂಡನ್ನಿನ ‘ಗ್ಯಾರಿಕ್’ ಎಂಬುದು ಕ್ರೀಡಾ ಕ್ಲಬ್ಬಲ್ಲ, ನಟರು, ವಕೀಲರು, ಪತ್ರಕರ್ತರ ಕ್ಲಬ್ಬು. ಆದರೂ ಇಲ್ಲಿ ಹೇಳದೆ ಬಿಡಲಾಗದು. 2015ರಲ್ಲಿ ಅಲ್ಲಿ ಶೇ 50.5 ಬೆಂಬಲ ಸಿಕ್ಕಿ ಪ್ರಸ್ತಾಪ ಸೋತಿತು. 2024ರಲ್ಲಿ ವಕೀಲರು ಬೇರೆ ಪ್ರಶ್ನೆ ಹಾಕಿದರು: ನಿಯಮದಲ್ಲಿ ‘ಹೆಂಗಸರು ಬೇಡ’ ಎಂದು ಎಲ್ಲಿದೆ? ಇರುವುದು ‘ಅವನು’ ಎಂಬ ಸರ್ವನಾಮ ಅಷ್ಟೇ. 1925ರ ಆಸ್ತಿ ಕಾನೂನಿನ 61ನೇ ಸೆಕ್ಷನ್ ಪ್ರಕಾರ ಇಂಥ ದಸ್ತಾವೇಜುಗಳಲ್ಲಿ ‘ಅವನು’ ಎಂದರೆ ‘ಅವಳು’ ಕೂಡ. ತಿದ್ದುಪಡಿಯೇ ಬೇಡವಾದ ಮೇಲೆ ಮೂರನೇ ಎರಡೂ ಬೇಡ, ಇರುವ ನಿಯಮದ ಅರ್ಥ ಇದೇ ಎಂದು ಸರಳ ಬಹುಮತದಲ್ಲಿ ಒಪ್ಪಿದರೆ ಸಾಕು. 562 ಪರ, 375 ವಿರೋಧ, ಹತ್ತಿರ ಹತ್ತಿರ ಶೇ 60. ಹಳೆಯ ಲೆಕ್ಕದಲ್ಲಿ ಇದೂ ಸೋಲೇ.

ಟೂರ್ನಿ ಯಾರ ಕೈಯಲ್ಲಿ

ಆಗಸ್ಟಾ ನ್ಯಾಷನಲ್‌ನಲ್ಲಿ ಮತವೂ ಇಲ್ಲ, ಅರ್ಜಿಯೂ ಇಲ್ಲ. ಕರೆದರೆ ಸದಸ್ಯ, ಇಲ್ಲದಿದ್ದರೆ ಇಲ್ಲ. ಸುಮಾರು 300 ಮಂದಿಯ ಕ್ಲಬ್ಬು. ಮಾಸ್ಟರ್ಸ್ ಎಂಬ ದೊಡ್ಡ ಗಾಲ್ಫ್ ಟೂರ್ನಿ ಅದರ ಸ್ವಂತದ್ದು, ಕಿತ್ತುಕೊಳ್ಳಲು ಮೇಲೆ ಯಾರೂ ಇಲ್ಲ. 2002ರಲ್ಲಿ ಮಹಿಳಾ ಸಂಘಟನೆಗಳ ಪರವಾಗಿ ಮಾರ್ತಾ ಬರ್ಕ್ ಪತ್ರ ಬರೆದಾಗ, ಬಂದೂಕಿನ ಬಾಕು ತೋರಿಸಿ ಹೆದರಿಸಿದರೆ ಬದಲಾಗುವವರಲ್ಲ ಎಂಬರ್ಥದ ಉತ್ತರ ಕೊಟ್ಟವರು ಆಗಿನ ಅಧ್ಯಕ್ಷ ಹೂಟಿ ಜಾನ್ಸನ್. ಒತ್ತಡ ಪ್ರಾಯೋಜಕರ ಕಡೆಗೆ ತಿರುಗುತ್ತದೆ ಎಂದು ಗೊತ್ತಾದಾಗ ಅವರು ಪ್ರಾಯೋಜಕರನ್ನೇ ಕೈಬಿಟ್ಟರು. 2003 ಮತ್ತು 2004ರ ಮಾಸ್ಟರ್ಸ್ ಜಾಹೀರಾತೇ ಇಲ್ಲದೆ ಟಿವಿಯಲ್ಲಿ ಬಂತು. ಹಣದ ಹಂಗಿಲ್ಲದವನ ಮೇಲೆ ಹಣದ ಒತ್ತಡ ಎಷ್ಟು ಕೆಲಸ ಮಾಡುತ್ತದೆ ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

ಮುಂದೆ ತೊಡಕು ಬಂದದ್ದು ಒಳಗಿನಿಂದಲೇ. ಪ್ರಾಯೋಜಕ ಕಂಪನಿ ಐಬಿಎಂನ ಮುಖ್ಯಸ್ಥರಿಗೆ ಸದಸ್ಯತ್ವ ಕೊಡುವ ರೂಢಿ ಅಲ್ಲಿತ್ತು. 2012ರಲ್ಲಿ ಆ ಕುರ್ಚಿಗೆ ಜಿನ್ನಿ ರೊಮೆಟ್ಟಿ ಬಂದು ಕೂತರು. ಆ ವರ್ಷದ ಆಗಸ್ಟ್ 20ರಂದು ಕ್ಲಬ್ಬು ಇಬ್ಬರು ಮಹಿಳೆಯರನ್ನು ಸೇರಿಸಿಕೊಂಡಿತು: ಅಮೆರಿಕದ ಮಾಜಿ ವಿದೇಶಾಂಗ ಸಚಿವೆ ಕಾಂಡೊಲೀಸಾ ರೈಸ್ ಮತ್ತು ಉದ್ಯಮಿ ಡಾರ್ಲಾ ಮೂರ್.

ಜಪಾನಿನ ಕಸುಮಿಗಸೆಕಿ ಕಂಟ್ರಿ ಕ್ಲಬ್ಬಿನ ಸ್ಥಿತಿ ತದ್ವಿರುದ್ಧ. ಟೋಕಿಯೊ ಒಲಿಂಪಿಕ್ಸ್ ಗಾಲ್ಫಿಗೆ ಅದನ್ನು ಆರಿಸಿದ್ದರು, ಅಂದರೆ ಟೂರ್ನಿ ಬೇರೆಯವರ ಕೈಯಲ್ಲಿ. ಅಲ್ಲಿ ಹೆಂಗಸರು ಪೂರ್ಣ ಸದಸ್ಯರಾಗುವಂತಿರಲಿಲ್ಲ, ಭಾನುವಾರ ಆಡುವಂತಿರಲಿಲ್ಲ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ, ನಿಯಮ ಬದಲಿಸದಿದ್ದರೆ ಜಾಗ ಬದಲು ಎಂಬ ನಿಲುವು ತಳೆಯಿತು. 2017ರ ಮಾರ್ಚ್ 20ರಂದು ಆಡಳಿತ ಮಂಡಳಿ ನಿಯಮ ಬದಲಿಸಿತು. ನಾಲ್ಕು ವರ್ಷದ ಬಳಿಕ ಅದೇ ಹುಲ್ಲಿನ ಮೇಲೆ ಬೆಂಗಳೂರಿನ ಅದಿತಿ ಅಶೋಕ್ 15 ಅಂಡರ್ ಪಾರ್ (ಮೈದಾನಕ್ಕೆ ನಿಗದಿಯಾದ ಹೊಡೆತಗಳಿಗಿಂತ, ಅಂದರೆ ಪಾರ್‌ಗಿಂತ, 15 ಕಡಿಮೆ) ಆಡಿ ನಾಲ್ಕನೆಯವರಾದರು. ಒಂದೇ ಒಂದು ಹೊಡೆತದಲ್ಲಿ ಪದಕ ತಪ್ಪಿತು. ಇಲ್ಲಿ ಬೆಳಗಿನ ಜಾವ ಎದ್ದು ಟಿವಿ ಮುಂದೆ ಕೂತ ಎಷ್ಟೋ ಮಂದಿಗೆ ಗಾಲ್ಫಿನ ಅಂಕ ಲೆಕ್ಕ ಗೊತ್ತಾದದ್ದೇ ಆವತ್ತು.

‘ನಿಧಾನ ಆಡುತ್ತಾರೆ’ ಎಂಬ ವಾದ

ಸಂಘ ಕಟ್ಟುವ ಸ್ವಾತಂತ್ರ್ಯದ ವಾದಕ್ಕೆ ತೂಕವಿದೆ: ಯಾರೊಂದಿಗೆ ಕೂತು ಉಣ್ಣಬೇಕು ಎಂದು ಸರ್ಕಾರ ಹೇಳುವುದು ಯಾರಿಗೂ ಹಿತವಲ್ಲ. ಆದರೆ ಆಟದ ವೇಗದ ವಾದ ಬಿಚ್ಚಿ ನೋಡಿದರೆ ಉಳಿಯುವುದಿಲ್ಲ. ಮ್ಯೂರ್‌ಫೀಲ್ಡ್‌ನ ಹೆಮ್ಮೆ ಫೋರ್‌ಸಮ್ಸ್. ನಾಲ್ವರು ಆಟಗಾರರು, ಎರಡೇ ಚೆಂಡು. ಜೋಡಿಯ ಇಬ್ಬರೂ ಒಂದೇ ಚೆಂಡನ್ನು ಸರದಿಯಲ್ಲಿ ಹೊಡೆಯುತ್ತಾರೆ. ನಾಲ್ಕು ಚೆಂಡು ಹುಡುಕಿಕೊಂಡು ಅಲೆಯುವ ಆಟಕ್ಕಿಂತ ಇದು ಬೇಗ ಮುಗಿಯುವುದು ಎರಡು ಚೆಂಡಿನ ಕಾರಣಕ್ಕೆ. ಆಡುವವರು ಯಾರು ಎಂಬುದರಿಂದ ಅದು ಬದಲಾಗುವುದಿಲ್ಲ. ನಿಧಾನವಾಗುವುದು ತನ್ನ ಹೊಡೆತದ ದೂರಕ್ಕೆ ಒಗ್ಗದ ಟೀಯಿಂದ (ಮೊದಲ ಹೊಡೆತ ಹೊಡೆಯುವ ಜಾಗದಿಂದ) ಆಡಿದಾಗ, ಅದು ಎಪ್ಪತ್ತರ ಗಂಡಸಿಗೂ ಅನ್ವಯ.

ಆದ್ದರಿಂದ ಬಾಗಿಲು ತೆರೆಯುವ ಕ್ಲಬ್ಬು ಮೊದಲು ಮಾಡಬೇಕಾದ ಕೆಲಸ ಶೌಚಾಲಯ ಕಟ್ಟುವುದಲ್ಲ, ಟೀಗಳ ರೇಟಿಂಗ್. ಹ್ಯಾಂಡಿಕ್ಯಾಪ್ ಎಂದರೆ ಬೇರೆ ಬೇರೆ ಮಟ್ಟದವರು ಸಮನಾಗಿ ಸ್ಪರ್ಧಿಸಲೆಂದು ಕೊಡುವ ಹೊಡೆತಗಳ ರಿಯಾಯಿತಿ. ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿಯಲ್ಲಿ ಟೀಗಳಿಗೆ ಗಂಡಸರಿಗೊಂದು, ಹೆಂಗಸರಿಗೊಂದು ಕೋರ್ಸ್ ರೇಟಿಂಗ್ (ನುರಿತವರಿಗೆ ಅಲ್ಲಿಂದ ಬೇಕಾಗುವ ಹೊಡೆತ) ಮತ್ತು ಸ್ಲೋಪ್ (ಸಾಧಾರಣ ಆಟಗಾರರಿಗೆ ಅದು ಇನ್ನೆಷ್ಟು ಕಷ್ಟ ಎಂಬ ಅಳತೆ) ಬೇಕು. ಸ್ಲೋಪ್ 55ರಿಂದ 155ರವರೆಗೆ, 113 ಎಂಬುದು ಪ್ರಮಾಣಿತ ಮಟ್ಟ. ಸೂತ್ರ ಸುಲಭ: ಹ್ಯಾಂಡಿಕ್ಯಾಪ್ ಸೂಚ್ಯಂಕವನ್ನು ಸ್ಲೋಪ್‌ನಿಂದ ಗುಣಿಸಿ 113ರಿಂದ ಭಾಗಿಸಿ, ಕೋರ್ಸ್ ರೇಟಿಂಗ್‌ನಲ್ಲಿ ಪಾರ್ ಕಳೆದು ಬಂದದ್ದನ್ನು ಕೂಡಿಸಿ. ಒಂದೇ ಟೀ, ಪಾರ್ 72, ಇಬ್ಬರಿಗೂ ಸೂಚ್ಯಂಕ 18 ಎಂದುಕೊಳ್ಳಿ. ಗಂಡಸರ ರೇಟಿಂಗ್ 68.5, ಸ್ಲೋಪ್ 118 ಇದ್ದರೆ ಆತನಿಗೆ 15 ಹೊಡೆತ ಸಿಗುತ್ತದೆ. ಹೆಂಗಸರ ರೇಟಿಂಗ್ 73.5, ಸ್ಲೋಪ್ 130 ಇದ್ದರೆ ಆಕೆಗೆ 22. ಏಳು ಹೊಡೆತದ ವ್ಯತ್ಯಾಸ. ಮಹಿಳೆಯರಿಗೆ ರೇಟಿಂಗೇ ಮಾಡಿಸದ ಟೀಯಲ್ಲಿ ಆಕೆ ಆಡಿದ ಅಂಕ ಹ್ಯಾಂಡಿಕ್ಯಾಪ್ ದಾಖಲೆಗೆ ನೇರವಾಗಿ ಹೋಗುವುದಿಲ್ಲ, ಶನಿವಾರದ ಸ್ಪರ್ಧೆಗೆ ಹೆಸರು ಕೊಡಲೂ ತೊಡಕು. ಸದಸ್ಯತ್ವ ಸಿಕ್ಕಿಯೂ ಆಟದಿಂದ ಹೊರಗೇ ಉಳಿಯುವುದು ಹೀಗೆ.

ಇನ್ನೊಂದು ಬಾಗಿಲು ವೇಯ್ಟಿಂಗ್ ಲಿಸ್ಟ್. ಸೂಚಕರು, ಅನುಮೋದಕರು, ಆಮೇಲೆ ವರ್ಷಗಟ್ಟಲೆ ಸರದಿ. ನಿಯಮ ಇವತ್ತು ಬದಲಾದರೆ ಇವತ್ತು ಅರ್ಜಿ ಹಾಕಿದ ಮಹಿಳೆ ಪಟ್ಟಿಯ ಕಟ್ಟಕಡೆಗೆ. ಮೇಲಿರುವ ಅಷ್ಟೂ ಹೆಸರು ಗಂಡಸರದ್ದೇ. ಎಂಸಿಸಿ 1999ರ ಮಾರ್ಚ್‌ನಲ್ಲಿ ಹತ್ತು ಮಹಿಳೆಯರನ್ನು ಗೌರವ ಆಜೀವ ಸದಸ್ಯರನ್ನಾಗಿ ಮಾಡಿ ಸರದಿ ದಾಟಿಸಿತು. ಮುಂದೆ ಇದೇ ದಾರಿಯಲ್ಲಿ ಜೂಲನ್ ಗೋಸ್ವಾಮಿ, ಮಿಥಾಲಿ ರಾಜ್ ಒಳಗೆ ಹೋದರು. ಸೇಂಟ್ ಆಂಡ್ರೂಸ್‌ನ ರಾಯಲ್ ಅಂಡ್ ಏನ್ಷಿಯಂಟ್ ಕ್ಲಬ್ 2014ರ ಸೆಪ್ಟೆಂಬರ್‌ನಲ್ಲಿ ಶೇ 85 ಮತದಿಂದ ಒಪ್ಪಿದಾಗ, ಮೊದಲ ಕಂತಿನ ಮಹಿಳೆಯರನ್ನು ಬೇಗ ಸೇರಿಸುವ ವ್ಯವಸ್ಥೆಯನ್ನೂ ಜೊತೆಗೇ ಮಾಡಿಕೊಂಡಿತು. ಮ್ಯೂರ್‌ಫೀಲ್ಡಿನಲ್ಲಿ ಮತದಾನವಾಗಿ ಎರಡು ವರ್ಷ ಕಳೆದ ಮೇಲೆ, 2019ರಲ್ಲಿ, ಮೊದಲ ಹನ್ನೆರಡು ಮಹಿಳೆಯರಿಗೆ ಆಹ್ವಾನ ಹೋಯಿತು. ಮಹಿಳೆಯರ ಓಪನ್ 2022ರಲ್ಲಿ ಅಲ್ಲೇ ನಡೆಯಿತು. ಕ್ರೀಡಾ ಸಾಧಕಿಯರಿಗೆ ಗೌರವ ಸದಸ್ಯತ್ವ ಕೊಡುವುದು ಸುಲಭ. ಭಾನುವಾರ ಆಡಿ ಹೋಗುವ ಸಾಧಾರಣ ಆಟಗಾರ್ತಿ ಎಷ್ಟು ಮಂದಿ ಪಟ್ಟಿ ದಾಟಿ ಬಂದರು ಎಂದು ಕೇಳಿದರೆ ಕ್ಲಬ್ಬಿನ ನಿಜಸ್ಥಿತಿ ಗೊತ್ತಾಗುತ್ತದೆ.

ನಮ್ಮಲ್ಲಿ ಕಾನೂನು ಏನು ಹೇಳುತ್ತದೆ

ಸಂವಿಧಾನದ 15(2)ನೇ ವಿಧಿ ಅಂಗಡಿ, ಸಾರ್ವಜನಿಕ ಉಪಾಹಾರಗೃಹ, ಹೋಟೆಲು, ಸಾರ್ವಜನಿಕ ಮನರಂಜನೆಯ ಸ್ಥಳಗಳಲ್ಲಿ ಲಿಂಗದ ಕಾರಣಕ್ಕೆ ತಡೆಯುವುದನ್ನು ನಿಷೇಧಿಸುತ್ತದೆ. ಸದಸ್ಯರಿಗಷ್ಟೇ ಇರುವ ಕ್ಲಬ್ಬಿನ ಹೆಸರು ಅದರಲ್ಲಿಲ್ಲ. 19(1)(ಸಿ) ಸಂಘ ಕಟ್ಟುವ ಹಕ್ಕು ಕೊಡುತ್ತದೆ. 2005ರ ಜೊರಾಸ್ಟ್ರಿಯನ್ ಗೃಹ ನಿರ್ಮಾಣ ಸಹಕಾರ ಸಂಘದ ಪ್ರಕರಣದಲ್ಲಿ, ಪಾರ್ಸಿಗಳಿಗೆ ಮಾತ್ರ ಸದಸ್ಯತ್ವ ಎಂಬ ಬೈಲಾವನ್ನು ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಬ್ರಿಟನ್ನಿನಂತೆ ಖಾಸಗಿ ಸಂಘಗಳನ್ನೂ ಹಿಡಿಯುವ ಸಮಗ್ರ ಸಮಾನತಾ ಕಾಯ್ದೆ ನಮ್ಮಲ್ಲಿಲ್ಲ. ಹಾಗಾಗಿ ‘ಲೇಡಿ ಅಸೋಸಿಯೇಟ್’ ತರಹದ ಅರೆ ಸದಸ್ಯತ್ವವನ್ನು ಪ್ರಶ್ನಿಸಲು ನೇರ ದಾರಿಯೂ ಇಲ್ಲ.

ಹೀಗಿರುವಾಗ ನಿಮ್ಮೂರಿನ ಕ್ಲಬ್ಬಿನ ಸ್ಥಿತಿ ತಿಳಿಯಬೇಕಿದ್ದರೆ ಬೈಲಾವನ್ನೇ ಓದಬೇಕು. ಪೂರ್ಣ ಸದಸ್ಯತ್ವದ ಕಲಮಿನಲ್ಲಿ ‘ವ್ಯಕ್ತಿ’ ಎಂದಿದೆಯೋ ‘ಪುರುಷ’ ಎಂದಿದೆಯೋ ನೋಡಿ. ಆಮೇಲೆ ಪತಿ ಪತ್ನಿಯರ ಕಾರ್ಡಿನ ಕಲಮು: ಹೆಂಡತಿಯ ಕಾರ್ಡಿಗೆ ಸಾಮಾನ್ಯ ಸಭೆಯಲ್ಲಿ ಮತವಿದೆಯೇ, ಗಂಡ ತೀರಿಕೊಂಡರೆ ಅಥವಾ ವಿಚ್ಛೇದನವಾದರೆ ಆಕೆಯ ಕಾರ್ಡು ಏನಾಗುತ್ತದೆ, ಅದೇ ಪ್ರಶ್ನೆ ಸದಸ್ಯೆಯೊಬ್ಬಳ ಗಂಡನಿಗೆ ಬಂದರೆ ಉತ್ತರ ಒಂದೇ ಆಗಿದೆಯೇ. ಕೊನೆಗೆ ತಿದ್ದುಪಡಿಯ ಕಲಮು: ಎಷ್ಟು ದಿನದ ನೋಟಿಸ್, ಕೋರಂ ಎಷ್ಟು, ಮತದ ಪಾಲು ಎಷ್ಟು, ಮತ್ತು ಆ ಪಾಲು ಸಭೆಗೆ ಬಂದವರಲ್ಲೋ ಒಟ್ಟು ಸದಸ್ಯರಲ್ಲೋ. ಒಟ್ಟು ಸದಸ್ಯರಲ್ಲಿ ಮೂರನೇ ಎರಡು ಎಂದಿದ್ದರೆ, ಮನೆಯಲ್ಲೇ ಉಳಿದ ಪ್ರತಿಯೊಬ್ಬರೂ ‘ಬೇಡ’ ಎಂದು ಮತ ಹಾಕಿದಂತೆಯೇ ಲೆಕ್ಕ.